ಬೀಗದ ಕೈ ಯಾರ ಕೈಲಿ? ಫ್ರಾನ್ಸಿನ ಎನಾಮೆಲ್ ಒಡವೆ ಪೆಟ್ಟಿಗೆಗಳ ಕಥೆ

ಅಟ್ಟದ ಮೇಲೋ ಅಡುಗೆಮನೆಯ ಮೂಲೆಯಲ್ಲೋ ನೀಲಿ ಅಂಚಿನ ಬಿಳಿ ಎನಾಮೆಲ್ ತಟ್ಟೆ, ಲೋಟ ಉಳಿಸಿಕೊಂಡಿರುವ ಮನೆಗಳು ಇನ್ನೂ ಇವೆ. ಕೈ ಜಾರಿ ಬಿದ್ದರೆ ಟಣ್ ಅಂತ ಸದ್ದಾಗಿ ಒಂದು ಚಕ್ಕೆ ಏಳುತ್ತದೆ. ಒಳಗಿನ ಕರಿ ಕಬ್ಬಿಣ ಇಣುಕುತ್ತದೆ. ನಾಲ್ಕು ದಿನಕ್ಕೆ ಅಲ್ಲಿ ತುಕ್ಕು. ಆ ತಟ್ಟೆಗೆ ಬಣ್ಣ ಬಳಿದಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದರ ಮೈಮೇಲಿರುವುದು ಗಾಜು. ಲೋಹದ ಮೇಲೆ ಗಾಜಿನ ಪುಡಿ ಹರಡಿ, ಕುಲುಮೆಯಲ್ಲಿ ಕರಗಿಸಿ ಅಂಟಿಸಿದ್ದು. ಎನಾಮೆಲ್ ಅಂದರೆ ಇಷ್ಟೇ.

ಇದೇ ವಿದ್ಯೆಯನ್ನು ತಾಮ್ರದ ಮೇಲೆ, ಬೆಳ್ಳಿ ಬಂಗಾರದ ಮೇಲೆ ಬಳಸಿ ಫ್ರಾನ್ಸಿನ ಕುಶಲಕರ್ಮಿಗಳು ಎಂಟು ಶತಮಾನಗಳಿಗೂ ಹೆಚ್ಚು ಕಾಲ ಪೆಟ್ಟಿಗೆಗಳನ್ನು ಮಾಡಿದ್ದಾರೆ. ಸಂತರ ಅಸ್ಥಿ ಇಡುವ ಪೆಟ್ಟಿಗೆ, ನಶ್ಯದ ಡಬ್ಬಿ, ಮಿಠಾಯಿ ಡಬ್ಬಿ, ಕೊನೆಗೆ ಹೆಂಗಸರ ಒಡವೆ ಪೆಟ್ಟಿಗೆ. ಫ್ರೆಂಚರು ಇದನ್ನು 'ಕೊಫ್ರೆ' ಅನ್ನುತ್ತಾರೆ. ಇಂಥ ಹಳೆಯ ಪೆಟ್ಟಿಗೆಗಳನ್ನು ಹುಡುಕಿ ಕೂಡಿಡುವವರು ಲೋಕದ ತುಂಬ ಇದ್ದಾರೆ. ಇದು ದುಡ್ಡಿದ್ದವರ ಶೋಕಿ ಅಂತ ಬದಿಗಿಡಬೇಡಿ. ಈ ಪೆಟ್ಟಿಗೆಗಳಲ್ಲಿ ರಸಾಯನಶಾಸ್ತ್ರ ಇದೆ, ಮೋಸದ ಕಥೆ ಇದೆ, ಹೆಣ್ಣುಮಕ್ಕಳ ಪಾಡೂ ಇದೆ.

ಗಾಜು ಲೋಹವನ್ನು ಹಿಡಿಯುವ ಬಗೆ

ಜೈಪುರದ ಮೀನಾಕಾರಿ ಒಡವೆ ನೋಡಿದವರಿಗೆ ಈ ಕೆಲಸ ಅರ್ಥ ಮಾಡಿಕೊಳ್ಳುವುದು ಸುಲಭ. ಅಲ್ಲಿ ಚಿನ್ನದಲ್ಲಿ ಕೊರೆದ ಗುಳಿಗೆ ಬಣ್ಣದ ಗಾಜಿನ ಪುಡಿ ತುಂಬಿ ಸುಡುತ್ತಾರೆ. ಫ್ರಾನ್ಸಿನಲ್ಲೂ ಹಾಗೇ. ಮರಳು, ಸೋಡಾ ಅಥವಾ ಪೊಟ್ಯಾಷ್, ಸೀಸದ ಆಕ್ಸೈಡ್ ಸೇರಿಸಿ ಗಾಜು ಮಾಡಿಕೊಳ್ಳಬೇಕು. ಅದಕ್ಕೆ ಬಣ್ಣ ಕೊಡುವುದು ಲೋಹದ ಆಕ್ಸೈಡುಗಳು. ಕೋಬಾಲ್ಟ್ ಹಾಕಿದರೆ ಗಾಢ ನೀಲಿ, ತಾಮ್ರ ಹಾಕಿದರೆ ಹಸಿರು, ಮ್ಯಾಂಗನೀಸ್ ಹಾಕಿದರೆ ನೇರಳೆ, ತವರ ಹಾಕಿದರೆ ಹಾಲಿನಂಥ ಬಿಳುಪು. ಗುಲಾಬಿ ಬಣ್ಣಕ್ಕೆ ಬಂಗಾರವೇ ಬೇಕು!

ಪುಡಿಯನ್ನು ನೀರಲ್ಲಿ ಕಲಸಿ ಲೋಹದ ಮೇಲೆ ಹರಡಿ, ಒಣಗಿಸಿ, ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕೆಲವೇ ನಿಮಿಷ ಸುಡುತ್ತಾರೆ. ಒಂದು ಸಲಕ್ಕೆ ಮುಗಿಯುವುದಿಲ್ಲ. ಹೆಚ್ಚು ಕಾವು ತಡೆಯುವ ಬಣ್ಣ ಮೊದಲು, ಕಡಿಮೆ ತಡೆಯುವ ಬಣ್ಣ ಆಮೇಲೆ ಅಂತ ಮತ್ತೆ ಮತ್ತೆ ಕುಲುಮೆಗೆ ಹೋಗಬೇಕು. ಹತ್ತು ಸಲ ಚೆನ್ನಾಗಿ ಬಂದದ್ದು ಹನ್ನೊಂದನೇ ಸಲ ಬಿರುಕು ಬಿಟ್ಟರೆ ಅಷ್ಟೂ ದಿನದ ಕೆಲಸ ಹಾಳು. ಇನ್ನೊಂದು ಗುಟ್ಟಿದೆ. ಬಿಸಿಯಾದಾಗ ತಾಮ್ರ ಹಿಗ್ಗುವ ಪ್ರಮಾಣ ಬೇರೆ, ಗಾಜು ಹಿಗ್ಗುವ ಪ್ರಮಾಣ ಬೇರೆ. ಒಂದೇ ಬದಿಗೆ ಗಾಜು ಹಾಕಿದರೆ ತೆಳು ತಗಡು ಡೊಂಕಾಗುತ್ತದೆ. ಅದಕ್ಕೆ ಹಿಂಬದಿಗೂ ಒಂದು ಪದರ ಹಾಕುತ್ತಾರೆ. ಹಳೆಯ ಫಲಕವನ್ನು ತಿರುಗಿಸಿ ನೋಡಿದಾಗ ಈ ಹಿಂಬದಿಯ ಎನಾಮೆಲ್ ಕಂಡರೆ ಸಂಗ್ರಾಹಕರ ಮುಖ ಅರಳುವುದು ಇದಕ್ಕೇ.

ಕೆಲಸದ ಬಗೆಗಳನ್ನು ತಿಳಿದಿರಬೇಕು, ಅವೇ ಮಾರುವವರ ಬಾಯಲ್ಲಿ ಬರುವ ಪದಗಳು. ಲೋಹವನ್ನು ಕೆತ್ತಿ ಗುಳಿ ಮಾಡಿ ತುಂಬಿದರೆ 'ಶಾಂಪ್ಲೆವೆ'. ತೆಳು ತಂತಿಯಿಂದ ಮನೆ ಮನೆ ಕಟ್ಟಿ ತುಂಬಿದರೆ 'ಕ್ಲುವಾಸೊನೆ'. ಕುಂಚದಲ್ಲಿ ಚಿತ್ರ ಬರೆದು ಸುಟ್ಟರೆ ಚಿತ್ರಿತ ಎನಾಮೆಲ್. ಕಪ್ಪು ಹಿನ್ನೆಲೆಯ ಮೇಲೆ ಬರೀ ಬಿಳಿ, ಬೂದು ಛಾಯೆಗಳಲ್ಲಿ ಬರೆದದ್ದು 'ಗ್ರಿಸಾಯ್'. ಯಂತ್ರದಿಂದ ಅಲೆ ಅಲೆಯಾಗಿ ಗೀರಿದ ಬೆಳ್ಳಿ ಬಂಗಾರದ ಮೇಲೆ ಪಾರದರ್ಶಕ ಗಾಜು ಹೊದಿಸಿದರೆ 'ಗಿಯೋಶೆ'. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಒಳಗೆ ಬೆಳಕು ರೇಷ್ಮೆ ಸೀರೆಯ ಮಡಿಕೆಯಂತೆ ಹರಿದಾಡುತ್ತದೆ.

ಲಿಮೋಜ್ ಅನ್ನುವ ಊರು

ಫ್ರೆಂಚ್ ಎನಾಮೆಲ್ ಅಂದ ಕೂಡಲೇ ಬರುವ ಹೆಸರು ಲಿಮೋಜ್. 12 ಮತ್ತು 13ನೇ ಶತಮಾನದಲ್ಲಿ ಈ ಊರಿನ ತಾಮ್ರದ ಶಾಂಪ್ಲೆವೆ ಪೆಟ್ಟಿಗೆಗಳು ಯುರೋಪಿನ ಚರ್ಚುಗಳಿಗೆಲ್ಲ ಹೋಗುತ್ತಿದ್ದವು. ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1170ರಲ್ಲಿ ಚರ್ಚಿನೊಳಗೇ ಕೊಲೆಯಾದ. 1173ರಲ್ಲಿ ಅವನನ್ನು ಸಂತ ಎಂದು ಘೋಷಿಸಿದರು. ಅವನ ಅಸ್ಥಿ ಇಡಲು ಲಿಮೋಜಿನಲ್ಲಿ ಮಾಡಿದ, ಕೊಲೆಯ ದೃಶ್ಯವಿರುವ ನೀಲಿ ಪೆಟ್ಟಿಗೆಗಳು ಇವತ್ತಿಗೂ ನಲವತ್ತಕ್ಕೂ ಹೆಚ್ಚು ಉಳಿದಿವೆ. ಅವುಗಳಲ್ಲಿ ದೊಡ್ಡದೊಂದು 1996ರಲ್ಲಿ ಲಂಡನ್ನಿನ ಹರಾಜಿನಲ್ಲಿ 40 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಕೂಗಿತು. ದೇಶ ಬಿಟ್ಟು ಹೋಗದಂತೆ ತಡೆದು, ದುಡ್ಡು ಹೊಂದಿಸಿ, ಅದನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಉಳಿಸಿಕೊಂಡರು.

1370ರಲ್ಲಿ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್‌ನ ಸೈನ್ಯ ಲಿಮೋಜ್ ಮೇಲೆ ಬಿದ್ದು ಸೂರೆ ಮಾಡಿತು. ಮೊದಲೇ ಇಳಿಮುಖವಾಗಿದ್ದ ಕಸುಬಿಗೆ ಅದು ದೊಡ್ಡ ಪೆಟ್ಟು. 15ನೇ ಶತಮಾನದ ಕೊನೆಗೆ ಅದೇ ಊರಿನಲ್ಲಿ ಕಸುಬು ಮತ್ತೆ ಚಿಗುರಿತು, ಈ ಸಲ ಚಿತ್ರಿತ ಎನಾಮೆಲ್ ರೂಪದಲ್ಲಿ. ರಾಜ ಮೊದಲನೇ ಫ್ರಾನ್ಸಿಸ್‌ನ ಆಸ್ಥಾನಕ್ಕೆ ಕೆಲಸ ಮಾಡಿದ ಲಿಯೊನಾರ್ ಲಿಮೊಸಾಂ, ಗ್ರಿಸಾಯ್ ಕೆಲಸಕ್ಕೆ ಹೆಸರಾದ ಪಿಯೆರ್ ರೆಮೋಂ ಈ ಕಾಲದವರು. ಚಿತ್ರ ಬರೆದ ಚಿಕ್ಕ ಚಿಕ್ಕ ಫಲಕಗಳನ್ನು ಚಿನ್ನದ ನೀರು ಹಾಯಿಸಿದ ಚೌಕಟ್ಟಿಗೆ ಕೂರಿಸಿ ಪೆಟ್ಟಿಗೆ ಮಾಡುವ ಪದ್ಧತಿ ಆಗಲೇ ಬೆಳೆಯಿತು. ಮುನ್ನೂರು ವರ್ಷ ಕಳೆದ ಮೇಲೆ ಒಡವೆ ಪೆಟ್ಟಿಗೆ ಮಾಡಿದವರು ಹಿಂದಿರುಗಿ ನೋಡಿದ್ದೂ ಇದೇ ಮಾದರಿಯ ಕಡೆಗೆ.

ಇಲ್ಲೊಂದು ಗೊಂದಲ ಬಗೆಹರಿಸಿಕೊಳ್ಳಿ. 'ಲಿಮೋಜ್ ಬಾಕ್ಸ್' ಅಂತ ಹುಡುಕಿದರೆ ಮೊಟ್ಟೆ, ಬೆಕ್ಕು, ಹಣ್ಣಿನ ಆಕಾರದ ಮುದ್ದಾದ ಪುಟ್ಟ ಡಬ್ಬಿಗಳು ಸಾಲು ಸಾಲಾಗಿ ಬರುತ್ತವೆ. ಅವು ಪಿಂಗಾಣಿ. ಲಿಮೋಜಿನ ಹತ್ತಿರ ಪಿಂಗಾಣಿಗೆ ಬೇಕಾದ ಬಿಳಿ ಜೇಡಿಮಣ್ಣು ಸಿಕ್ಕಿ, 1771ರಲ್ಲಿ ಅಲ್ಲಿ ಪಿಂಗಾಣಿ ಕಾರ್ಖಾನೆ ಶುರುವಾಯಿತು. ಊರು ಒಂದೇ, ಕಸುಬು ಎರಡು. ಎನಾಮೆಲ್ ಪೆಟ್ಟಿಗೆಯ ಒಡಲು ಲೋಹದ್ದು. ಚಕ್ಕೆ ಎದ್ದ ಕಡೆ ತಾಮ್ರ ಕಂಡರೆ ಎನಾಮೆಲ್, ಬಿಳಿ ಮಣ್ಣು ಕಂಡರೆ ಪಿಂಗಾಣಿ.

ಮದುವೆ ಬುಟ್ಟಿ ಮತ್ತು ಬೀಗದ ಕೈ

ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 1180ರ ಕಾಲದ ಲಿಮೋಜ್ ಪೆಟ್ಟಿಗೆಯೊಂದಿದೆ. ದೇವರ ಚಿತ್ರವಿಲ್ಲ, ಸಂತರಿಲ್ಲ. ಒಂದು ಬದಿಗೆ ವಾದ್ಯ ನುಡಿಸುವವನು, ಜೊತೆಗೊಬ್ಬಳು ಹೆಣ್ಣು. ಇನ್ನೊಂದು ಬದಿಗೆ ಪ್ರೇಯಸಿಯ ಮುಂದೆ ಮಂಡಿಯೂರಿದ ಗಂಡಸು. ನಡುವೆ ಬೀಗದ ಹತ್ತಿರ ಕತ್ತಿಯನ್ನೂ ದೊಡ್ಡದೊಂದು ಬೀಗದ ಕೈಯನ್ನೂ ಹಿಡಿದು ನಿಂತವನೊಬ್ಬ. ಪೆಟ್ಟಿಗೆ, ಪ್ರೀತಿ, ಬೀಗದ ಕೈ ಈ ಮೂರರ ನಂಟು ಅಷ್ಟು ಹಳೆಯದು.

19ನೇ ಶತಮಾನಕ್ಕೆ ಬಂದರೆ ಫ್ರಾನ್ಸಿನ ಅನುಕೂಲಸ್ಥರ ಮದುವೆಯಲ್ಲಿ ಗಂಡಿನ ಕಡೆಯವರು ಹುಡುಗಿಗೆ 'ಮದುವೆ ಬುಟ್ಟಿ' ಕಳಿಸುವ ಪದ್ಧತಿ ಇತ್ತು. ಲೇಸು, ಶಾಲು, ಬೀಸಣಿಗೆ, ಒಡವೆ ಎಲ್ಲ ಅದರಲ್ಲಿ ಇರುತ್ತಿದ್ದವು. ನಮ್ಮಲ್ಲಿ ತಟ್ಟೆ ಜೋಡಿಸಿ ತರುವುದಿಲ್ಲವೇ, ಹಾಗೆ ಅಂದುಕೊಳ್ಳಿ. ಅಂಥ ಒಡವೆ ಇಡಲು ಬೀಗವಿರುವ ಪೆಟ್ಟಿಗೆ ಬೇಕು. ಮುಚ್ಚಳದ ಮೇಲೆ ಹೂವು, ಪಾರಿವಾಳ, ತೋಟದಲ್ಲಿ ಕೂತ ಜೋಡಿಯ ಚಿತ್ರಗಳೇ ಯಾಕೆ ಹೆಚ್ಚು ಅಂತ ಈಗ ಗೊತ್ತಾಯಿತಲ್ಲ.

ಆದರೆ ಚಿತ್ರದಷ್ಟು ಚೆಂದ ಬದುಕು ಇರಲಿಲ್ಲ. 1804ರ ನೆಪೋಲಿಯನ್ ಸಂಹಿತೆ ಪ್ರಕಾರ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು. ಅವನ ಒಪ್ಪಿಗೆಯಿಲ್ಲದೆ ಆಸ್ತಿ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಇಬ್ಬರ ಜಂಟಿ ಸ್ವತ್ತಿನ ಆಡಳಿತವೂ ಗಂಡನದೇ. ದುಡಿದು ತಂದ ಕೂಲಿಯ ಮೇಲೆ ಮದುವೆಯಾದ ಹೆಣ್ಣಿಗೆ ಹಕ್ಕು ಸಿಕ್ಕಿದ್ದು 1907ರಲ್ಲಿ. ಗಂಡನ ಅಪ್ಪಣೆ ಕೇಳದೆ ಬ್ಯಾಂಕ್ ಖಾತೆ ತೆರೆಯುವ ಹಕ್ಕು ಬಂದದ್ದು 1965ರಲ್ಲಿ. ನಂಬಲಿಕ್ಕೇ ಕಷ್ಟ, ಅಲ್ವಾ? ಪ್ಯಾರಿಸ್ ಅಂದರೆ ಹೆಣ್ಣುಮಕ್ಕಳ ಸ್ವಾತಂತ್ರ್ಯದ ತವರು ಅಂತ ಅಂದುಕೊಂಡವರು ನಾವು.

ಇದನ್ನು ತಿಳಿದುಕೊಂಡು ಒಂದು ಹಳೆಯ ಕೊಫ್ರೆ ನೋಡಿ. ಅಂಗೈಯಗಲದ ಪೆಟ್ಟಿಗೆ, ಚಿಟಿಕೆಯಷ್ಟು ಬೀಗದ ಕೈ. ಮನೆ, ಹೊಲ, ಬ್ಯಾಂಕು ಯಾವುದಕ್ಕೂ ಅವಳ ಸಹಿ ನಡೆಯದ ಕಾಲದಲ್ಲಿ ಅವಳು ಸೆರಗಿಗೆ ಕಟ್ಟಿಕೊಳ್ಳಬಹುದಾಗಿದ್ದ ಬೀಗ ಇದೊಂದೇ. ಸೆರಗು ಅನ್ನುವುದು ನಮ್ಮ ಮಾತು ಬಿಡಿ, ಅವರದು ನಡುಪಟ್ಟಿ. ಕಾನೂನು ಒಳಗಿನ ಬಂಗಾರ ಯಾರದು ಅಂತ ಬೇರೆಯೇ ಹೇಳುತ್ತಿದ್ದರೂ ಕೈ ಅವಳ ಹತ್ತಿರ. ಸ್ತ್ರೀಧನ ಅನ್ನುವ ಮಾತನ್ನು ಕೇಳಿ ಬೆಳೆದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಹಳೆಯ ಪೆಟ್ಟಿಗೆಗೆ ಅದರದೇ ಬೀಗದ ಕೈ ಉಳಿದಿದ್ದರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಕಳೆದುಹೋಗುವ ಮೊದಲ ವಸ್ತುವೇ ಅದು.

ಸಂಗ್ರಾಹಕರಿಗೆ ಸಿಗುವುದು ಯಾವುದು?

ಮಧ್ಯಯುಗದ ಪೆಟ್ಟಿಗೆಗಳನ್ನು ಮ್ಯೂಸಿಯಂನಲ್ಲಿ ನೋಡಬೇಕು, ಅಷ್ಟೇ. ಸಾಮಾನ್ಯ ಸಂಗ್ರಾಹಕರ ಕೈಗೆಟುಕುವುದು ಮೂರನೇ ನೆಪೋಲಿಯನ್ ಚಕ್ರವರ್ತಿಯಾಗಿದ್ದ 1852ರಿಂದ 1870ರ ಕಾಲದಿಂದ ಹಿಡಿದು ಮೊದಲ ಮಹಾಯುದ್ಧದವರೆಗಿನ ಮಾಲು. ಆಗ ಪ್ಯಾರಿಸ್ಸಿನಲ್ಲಿ ಹಳೆಯ ಶೈಲಿಗಳ ಹುಚ್ಚು. 1855, 1867, 1878, 1889, 1900ರ ವಿಶ್ವ ಪ್ರದರ್ಶನಗಳಲ್ಲಿ ಕಾರ್ಖಾನೆಗಳು ಪೈಪೋಟಿಗೆ ಬಿದ್ದವು. ಕಂಚಿನ ಕೆಲಸಕ್ಕೆ ಹೆಸರಾದ ಬಾರ್ಬೆದಿಯೆನ್ ಸಂಸ್ಥೆ ಶಾಂಪ್ಲೆವೆ, ಕ್ಲುವಾಸೊನೆ ವಸ್ತುಗಳನ್ನು ತಂದಿತು. ಚಕ್ರವರ್ತಿಗೇ ಸರಬರಾಜು ಮಾಡುತ್ತಿದ್ದ ತಾಆನ್ ಸಂಸ್ಥೆಯ ಪೆಟ್ಟಿಗೆಗಳಲ್ಲಿ ಬೀಗದ ತಗಡಿನ ಮೇಲೆ ಹೆಸರು ಕೊರೆದಿರುವುದುಂಟು. ಮುಚ್ಚಳಕ್ಕೆ ಕೂರಿಸಿದ ಎನಾಮೆಲ್ ಫಲಕ, ಸುತ್ತ ಚಿನ್ನದ ನೀರು ಹಾಯಿಸಿದ ಕಂಚು, ಒಳಗೆ ಹೊಲಿದು ಗುಂಡಿಯಿಟ್ಟ ರೇಷ್ಮೆ ಮೆತ್ತೆ, ಇದು ಆ ಕಾಲದ ಮಾದರಿ ರೂಪ.

20ನೇ ಶತಮಾನದಲ್ಲಿ ಲಿಮೋಜಿನಲ್ಲೇ ಕಾಮಿಯ್ ಫೋರೆ ಅವರ ಕಾರ್ಯಾಗಾರ ದಪ್ಪ ಎನಾಮೆಲ್ಲಿನ ಉಬ್ಬು ವಿನ್ಯಾಸಗಳಿಂದ ಹೊಸ ದಾರಿ ಹಿಡಿಯಿತು. ಅವರ ಹೂದಾನಿಗಳೇ ಹೆಚ್ಚು ಪ್ರಸಿದ್ಧ.

ಕಣ್ಣಾರೆ ನೋಡಬೇಕೆಂದರೆ ಲಿಮೋಜಿನ ಲಲಿತಕಲಾ ಮ್ಯೂಸಿಯಂ, ಪ್ಯಾರಿಸ್ಸಿನ ಲೂವ್ರ್ ಮತ್ತು ಕ್ಲೂನಿ ಮ್ಯೂಸಿಯಂ, ನ್ಯೂಯಾರ್ಕಿನ ಫ್ರಿಕ್ ಸಂಗ್ರಹ ಒಳ್ಳೆಯ ಜಾಗಗಳು. ಕೊಳ್ಳುವವರು ಪ್ಯಾರಿಸ್ಸಿನ ಅಂಚಿನ ಸ್ಯಾಂ-ತುವಾಂ ಹಳೆವಸ್ತು ಸಂತೆಗೆ, ವಾನ್ವ್ ಸಂತೆಗೆ, 1852ರಿಂದ ನಡೆಯುತ್ತಿರುವ ದ್ರುವೊ ಹರಾಜು ಕಟ್ಟಡಕ್ಕೆ ಹೋಗುತ್ತಾರೆ. ಪ್ಯಾರಿಸ್, ಲಂಡನ್ ಕಡೆ ನೆಲೆಸಿರುವ ನಮ್ಮವರಿಗೆ ವಾರಾಂತ್ಯದ ಸಂತೆಯಲ್ಲಿ ಸುಮ್ಮನೆ ಸುತ್ತುವುದೇ ಒಂದು ಪಾಠಶಾಲೆ. ಮೊದಲ ಆರು ತಿಂಗಳು ಏನೂ ಕೊಳ್ಳದೆ ಬರೀ ನೋಡಿ, ಮುಟ್ಟಿ, ಕೇಳಿ.

ವಿಯೆನ್ನಾದ ಕಳ್ಳ ರಿಪೇರಿಗಾರ

ಈ ಹವ್ಯಾಸದಲ್ಲಿ ನಕಲಿಯ ಭಯ ಎಷ್ಟು ನಿಜ ಅನ್ನುವುದಕ್ಕೆ ಒಂದೇ ಕಥೆ ಸಾಕು. 1400ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಅಕ್ಕಸಾಲಿಗರು ಬೆರಿ ಪ್ರಾಂತ್ಯದ ಡ್ಯೂಕ್‌ಗಾಗಿ ಬಂಗಾರ, ಎನಾಮೆಲ್, ಮುತ್ತು, ಕೆಂಪುಗಳಿಂದ ಒಂದು ಪವಿತ್ರ ಸಂಪುಟ ಮಾಡಿದರು. ಮುಂದೆ ಅದು ವಿಯೆನ್ನಾದ ಅರಸರ ಖಜಾನೆ ಸೇರಿತು. 1860ರ ದಶಕದಲ್ಲಿ ಸಲೊಮೊನ್ ವೈನಿಂಗರ್ ಎಂಬ ವ್ಯಾಪಾರಿಗೆ ಅದನ್ನು ರಿಪೇರಿಗೆ ಕೊಟ್ಟರು. ಆಸಾಮಿ ಅದರ ತದ್ರೂಪು ಮಾಡಿಸಿ ಖಜಾನೆಗೆ ಹಿಂದಿರುಗಿಸಿದ, ಅಸಲಿಯನ್ನು ತಾನಿಟ್ಟುಕೊಂಡು ಮಾರಿದ! ಅಸಲಿ ಕೈ ಬದಲಾಯಿಸುತ್ತ ಫರ್ಡಿನಾಂಡ್ ರಾತ್‌ಸ್‌ಚೈಲ್ಡ್ ಎಂಬ ಸಿರಿವಂತ ಸಂಗ್ರಾಹಕರ ಮನೆ ಸೇರಿ, 1898ರಲ್ಲಿ ಅವರ ಉಯಿಲಿನಂತೆ ಬ್ರಿಟಿಷ್ ಮ್ಯೂಸಿಯಂಗೆ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಲಂಡನ್ನಿನದೇ ಅಸಲಿ ಅಂತ ಖಚಿತಪಡಿಸಿಕೊಂಡದ್ದು 1959ರಲ್ಲಿ. ವೈನಿಂಗರ್ ಬೇರೊಂದು ನಕಲಿ ಪ್ರಕರಣದಲ್ಲಿ ಸಿಕ್ಕಿಬಿದ್ದು ಜೈಲಿನಲ್ಲೇ ಸತ್ತ.

ಅರಮನೆಯ ಖಜಾನೆಯವರೇ ಮೋಸಹೋದರೆ ನಮ್ಮ ನಿಮ್ಮ ಪಾಡೇನು? ಎಲ್ಲವೂ ಮೋಸದ ಉದ್ದೇಶದ್ದೇ ಅಂತಲ್ಲ. 1845ರಲ್ಲಿ ಶುರುವಾದ ಪ್ಯಾರಿಸ್ಸಿನ ಸಾಮ್ಸೋಂ ಸಂಸ್ಥೆ ಹಳೆಯ ಪಿಂಗಾಣಿ, ಎನಾಮೆಲ್ ವಸ್ತುಗಳ ನಕಲು ಮಾಡುವುದನ್ನೇ ಬಹಿರಂಗ ವ್ಯಾಪಾರ ಮಾಡಿಕೊಂಡಿತ್ತು. ಇವತ್ತು ಆ ನಕಲುಗಳೇ ಹಳತಾಗಿ, ಅವನ್ನೂ ಕೂಡಿಡುವವರಿದ್ದಾರೆ. ತೊಂದರೆ ಬರುವುದು ಅವನ್ನು 18ನೇ ಶತಮಾನದ್ದು ಅಂತ ಹೇಳಿ ಮಾರಿದಾಗ. ಜೊತೆಗೆ ವಿಯೆನ್ನಾದ ಎನಾಮೆಲ್, ಇಂಗ್ಲೆಂಡಿನ ಬಿಲ್ಸ್ಟನ್ ಡಬ್ಬಿಗಳು ಕೂಡ ಎಷ್ಟೋ ಸಲ 'ಫ್ರೆಂಚ್' ಹೆಸರಲ್ಲಿ ಕೈ ಬದಲಾಯಿಸುತ್ತವೆ.

ಕೊಳ್ಳುವ ಮುಂಚೆ ಇಷ್ಟು ನೋಡಿ

* ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಜೇಬಿನಲ್ಲಿರಲಿ. ಕುಂಚದ ಗೆರೆ ಕಂಡರೆ ಕೈಚಿತ್ರ. ಒಂದೇ ಅಳತೆಯ ಚುಕ್ಕಿಗಳ ಸಾಲು ಕಂಡರೆ ಅಚ್ಚು ಹಾಕಿದ ಚಿತ್ರ.
* ನಿಜವಾದ ಎನಾಮೆಲ್ ಗಾಜಿನಂತೆ ತಣ್ಣಗಿರುತ್ತದೆ, ಗಟ್ಟಿಯಾಗಿರುತ್ತದೆ. ರಾಳದಿಂದ ಮಾಡಿದ 'ಕೋಲ್ಡ್ ಎನಾಮೆಲ್' ಬೆಚ್ಚಗೆ, ಪ್ಲಾಸ್ಟಿಕ್ ಮುಟ್ಟಿದಂತೆ ಅನಿಸುತ್ತದೆ. ಸೂಜಿ ಕಾಯಿಸಿ ಚುಚ್ಚಿ ನೋಡುವ ಪರೀಕ್ಷೆ ಬೇಡ, ಮಾಲು ಕೆಡುತ್ತದೆ.
* ನೇರಳಾತೀತ ಬೆಳಕಿನ ಪುಟ್ಟ ಟಾರ್ಚ್ ಹಾಕಿ. ಚಕ್ಕೆ ಎದ್ದ ಕಡೆ ತೇಪೆ ಹಾಕಿದ್ದರೆ ಆ ಜಾಗ ಸುತ್ತಲಿನದಕ್ಕಿಂತ ಬೇರೆ ಥರ ಹೊಳೆಯುವುದು ಸಾಮಾನ್ಯ.
* ಮೂಲೆ ಮತ್ತು ಕೀಲುಗಳ ಸುತ್ತ ನೋಡಿ. ಮುಚ್ಚಳ ತೆರೆದು ಮುಚ್ಚಿ ಮೊದಲು ಬಿರುಕು ಬಿಡುವುದು ಅಲ್ಲೇ. ನೂರೈವತ್ತು ವರ್ಷದ ಪೆಟ್ಟಿಗೆಯಲ್ಲಿ ಎಲ್ಲೂ ಸವೆತವೇ ಇಲ್ಲದಿದ್ದರೆ ಅನುಮಾನಪಡಿ.
* ಸ್ಕ್ರೂ ನೋಡಿ. ಕೂಡುಗುರುತಿನ ತಲೆಯ ಸ್ಕ್ರೂ 1930ರ ದಶಕದ ನಂತರ ಬಳಕೆಗೆ ಬಂದದ್ದು. ಅದಿದ್ದರೆ ಒಂದೋ ಪೆಟ್ಟಿಗೆ ಹೊಸದು, ಇಲ್ಲವೇ ರಿಪೇರಿಯಾಗಿದೆ.
* ಬೆಳ್ಳಿಯದಾದರೆ ಮುದ್ರೆ ಹುಡುಕಿ. 1838ರಿಂದ ಫ್ರೆಂಚ್ ಬೆಳ್ಳಿಗೆ ಮಿನರ್ವಾ ದೇವಿಯ ತಲೆ, ಬಂಗಾರಕ್ಕೆ ಹದ್ದಿನ ತಲೆ. ಮಾಡಿದವರ ಗುರುತು ವಜ್ರಾಕೃತಿಯ ಚೌಕಟ್ಟಿನೊಳಗೆ ಇರುತ್ತದೆ.
* 'ಫ್ರಾನ್ಸ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಮುದ್ರೆಯಿದ್ದರೆ, ಅಮೆರಿಕದ 1890ರ ಸುಂಕ ಕಾನೂನಿನ ನಂತರದ ರಫ್ತು ಮಾಲು ಇರಬಹುದು. ಅಂಥದ್ದನ್ನು '1850ರದು' ಅಂದರೆ ನಂಬಬೇಡಿ.
* ರಸೀದಿ ಕೇಳಿ. ಅದರಲ್ಲಿ ಕಾಲ, ವಸ್ತು, ರಿಪೇರಿಯ ವಿವರ ಬರೆಸಿಕೊಳ್ಳಿ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕಮಿಷನ್ ಬೇರೆ ಸೇರುತ್ತದೆ, ಲೆಕ್ಕ ಹಾಕಿಯೇ ಕೈ ಎತ್ತಿ.
* ಹಳೆಯ, ಹೆಚ್ಚು ಬೆಲೆಯ ಕಲಾವಸ್ತುಗಳನ್ನು ಫ್ರಾನ್ಸಿನಿಂದ ಹೊರಗೆ ಒಯ್ಯಲು ಪ್ರಮಾಣಪತ್ರ ಬೇಕಾಗುತ್ತದೆ. ನಮ್ಮಲ್ಲೂ 1972ರ ಕಾಯ್ದೆಯಡಿ ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ದೇಶದ ಹೊರಗೆ ಒಯ್ಯಲು ನಿರ್ಬಂಧವಿದೆ. ಕೊಳ್ಳುವ ಮೊದಲೇ ವಿಚಾರಿಸಿ.

ಇನ್ನೊಂದು ಮಾತು. ಮಾಪಸಾನ 1884ರಲ್ಲಿ ಬರೆದ ನೆಕ್ಲೇಸಿನ ಕಥೆಯನ್ನು ಶಾಲೆಯಲ್ಲಿ ಓದಿದವರು ಬಹಳ ಜನ. ಗೆಳತಿಯ ಒಡವೆ ಪೆಟ್ಟಿಗೆಯಿಂದ ಸಾಲ ತಂದ ಹಾರ ಕಳೆದುಹೋಗಿ, ಹತ್ತು ವರ್ಷ ದುಡಿದು ಸಾಲ ತೀರಿಸಿದ ಮೇಲೆ ಅದು ನಕಲಿ ಅಂತ ಗೊತ್ತಾಗುವ ಕಥೆ. ಪೆಟ್ಟಿಗೆ ಕೊಳ್ಳುವವರಿಗೂ ಅದು ಎಚ್ಚರಿಕೆಯೇ. ಸಾಲ ಮಾಡಿ ಕೊಳ್ಳಬೇಡಿ. ನಾಳೆ ಬೆಲೆ ಏರುತ್ತದೆ ಅನ್ನುವ ಆಸೆಗೂ ಕೊಳ್ಳಬೇಡಿ. ನೋಡಿದಾಗೆಲ್ಲ ಮನಸ್ಸಿಗೆ ಸಂತೋಷ ಕೊಡುವುದಾದರೆ ಮಾತ್ರ ಕೊಳ್ಳಿ.

ಹುಣಸೆಹಣ್ಣು ಮುಟ್ಟಿಸಬೇಡಿ

ತಂದ ಮೇಲೆ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತಿಕ್ಕುವ ಪುಡಿ ಹಿಡಿದು ಕೂರುವುದು ನಮ್ಮ ಅಭ್ಯಾಸ. ಇಲ್ಲಿ ಮಾತ್ರ ಬೇಡ. ಹುಳಿ ಎನಾಮೆಲ್ಲಿನ ಹೊಳಪನ್ನು ತಿನ್ನುತ್ತದೆ, ತಿಕ್ಕಿದರೆ ಚಿನ್ನದ ನೀರು ಎದ್ದುಹೋಗುತ್ತದೆ. ನೀರಲ್ಲಿ ಮುಳುಗಿಸಿದರೆ ಬಿರುಕಿನೊಳಗೆ ತೇವ ಇಳಿದು ತಾಮ್ರ ಹಸಿರುಗಟ್ಟುತ್ತದೆ, ಮೇಲಿನ ಗಾಜು ಚಕ್ಕೆ ಏಳುತ್ತದೆ. ಒಡವೆ ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೂ ಕೊಡಬೇಡಿ. ಮೆತ್ತನೆಯ ಒಣ ಕುಂಚದಿಂದ ದೂಳು ಕೊಡವಿದರೆ ಸಾಕು.

ಎತ್ತುವಾಗ ಮುಚ್ಚಳದ ಹಿಡಿಕೆ ಹಿಡಿಯದೆ ಎರಡೂ ಕೈಯಿಂದ ಬುಡ ಹಿಡಿಯಿರಿ. ಬಿಸಿಲು ಬೀಳುವ ಕಿಟಕಿ, ಒಲೆಯ ಪಕ್ಕ, ಎ.ಸಿ. ಗಾಳಿ ನೇರ ಬಡಿಯುವ ಜಾಗ ಬೇಡ. ಕಾವು ಏರಿಳಿದರೆ ಗಾಜಿಗೂ ಲೋಹಕ್ಕೂ ಜಗಳ ಶುರುವಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಒಳಗಿನ ಹಳೆಯ ರೇಷ್ಮೆ ಹರಿದಿದ್ದರೂ ಕಿತ್ತು ಹೊಸದು ಹೊಲಿಸುವ ಆತುರ ಬೇಡ. ಪೆಟ್ಟಿಗೆಯ ವಯಸ್ಸು ಹೇಳುವ ಸಾಕ್ಷಿ ಅದು. ಹಳೆಯ ಎನಾಮೆಲ್ಲಿನಲ್ಲಿ ಸೀಸ ಇರುವುದರಿಂದ ತಿನ್ನುವ ಪದಾರ್ಥ ಇಡಬೇಡಿ, ಮಿಠಾಯಿ ಡಬ್ಬಿ ಅಂತ ಮಾಡಿದ್ದಾದರೂ ಸರಿ. ಎದ್ದ ಚಕ್ಕೆ ಸಿಕ್ಕಿದರೆ ಎಸೆಯದೆ ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯೊಳಗೇ ಇಡಿ. ಬಲ್ಲ ರಿಪೇರಿಗಾರರು ಮುಂದೆ ಸಿಕ್ಕರೆ ಕೂರಿಸಬಹುದು.

ಫ್ರಾನ್ಸಿನ ಪೆಟ್ಟಿಗೆ ನಮ್ಮ ಕೈಗೆ ಸಿಗದೇ ಇರಬಹುದು. ಆದರೆ ಅಮ್ಮನದೋ ಅಜ್ಜಿಯದೋ ಒಡವೆ ಪೆಟ್ಟಿಗೆ, ಕುಂಕುಮದ ಭರಣಿ, ಮೀನಾ ಕೆಲಸದ ಡಬ್ಬಿ ಯಾವುದಾದರೂ ನಿಮ್ಮ ಕಪಾಟಿನಲ್ಲಿ ಇದ್ದೀತು. ಅದು ಯಾವ ವರ್ಷ, ಯಾವ ಊರಿನಿಂದ, ಯಾರ ಮದುವೆಗೆ ಬಂತು, ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು ಅಂತ ಹಿರಿಯರನ್ನು ಈ ವಾರವೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಿಡಿ. ಹೇಳುವವರು ಇರುವಾಗಲೇ ಕೇಳಿದರೆ ಚೆನ್ನ. ನಿಮ್ಮ ಮನೆಯ ಪೆಟ್ಟಿಗೆಯ ಕಥೆಯನ್ನು ಓದುಗರ ಅಂಕಣಕ್ಕೆ ಬರೆದು ಕಳಿಸಿದರೆ ಎಲ್ಲರೂ ಓದಬಹುದು.